ಮಧ್ಯಾಹ್ನ ಬಿಸಿಲಿನಾಗ ನಮ್ಮಪ್ಪನ ಹಳೆ ಪದ್ಮಿನಿ ಕಾರು ನಾಕಿಂಗ್ ಹೊಡೀತದ, ಟೈಮಿಂಗ್ ಮನ್ಯಾಗೇ ಹೆಂಗ ಇಡೋದು?

ಮುಂಜಾನೆ ಗಾಡಿ ಚೊಲೋ ಓಡ್ತದ, ಮಧ್ಯಾಹ್ನ ಟಾಪ್ ಗೇರಿನಾಗ ಆಕ್ಸಿಲರೇಟರ್ ತುಳಿದ್ರ ಖಣಖಣ ಅಂತದ, ಬಿಸಿ ಇದ್ದಾಗ ಸೆಲ್ಫ್ ಹೊಡೆದ್ರ ಹಿಂದಕ್ಕ ಒದೀತದ ಅಂದೀರಿ. ಬಹುತೇಕ ಟೈಮಿಂಗ್ ಮುಂದ ಹೋಗ್ಯಾದ, ಅಂದ್ರ ಪ್ಲಗ್ ಕಿಡಿ ಹೊಡಿಯೋ ಹೊತ್ತು ಬೇಗ ಆಗ್ಯಾದ. ಕಿವಿಲೆ ಕೇಳಿ ಇಟ್ಟರ ಹಿಂಗೇ ಆಗೋದು. ನಿಂತ ಗಾಡಿದಾಗ ಮುಂದ ಮಾಡಿದಷ್ಟೂ ಐಡ್ಲಿಂಗ್ ಏರ್ತದ, ಕೇಳಾಕ ಚೊಲೋ ಅನಸ್ತದ. ಕಲಬುರಗಿ ಮೇ ತಿಂಗಳ 42 ಡಿಗ್ರಿದಾಗ ಲೋಡ್ ಬಿದ್ದ ಕೂಡ್ಲೆ ಬಣ್ಣ ಬಯಲಾಗ್ತದ.

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚೋ ಡಬ್ಬಿ) ಮುಟ್ಟೋಕಿಂತ ಮೊದಲು ಅದರೊಳಗಿನ ಪಾಯಿಂಟ್, ಅಂದ್ರ ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಸ್ವಿಚ್, ನೋಡ್ರಿ. ಹಳೇ ಪಾಯಿಂಟಿನಾಗ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಸಣ್ಣ ದಿಬ್ಬ ಆಗಿರ್ತದ. ಫೀಲರ್ ಗೇಜ್ (ಸಂದಿ ಅಳೆಯೋ ತೆಳ್ಳನೆ ಪಟ್ಟಿ) ಆ ದಿಬ್ಬದ ಮ್ಯಾಲೆ ಕುಂತು ಸುಳ್ಳು ಅಳತಿ ತೋರಸ್ತದ. ಹೊಸದು ಹಾಕ್ರಿ, ಗ್ಯಾಪ್ ಮ್ಯಾನುಯಲ್‌ದಾಗ ಕೊಟ್ಟಷ್ಟೇ ಇಡ್ರಿ. ಗ್ಯಾಪ್ ಹೆಚ್ಚಾದ್ರ ಪಾಯಿಂಟ್ ಬೇಗ ತೆರೀತದ, ಟೈಮಿಂಗ್ ತಾನೇ ಮುಂದ ಹೋಗ್ತದ. ಅದಕ್ಕ ಮೊದಲು ಗ್ಯಾಪ್, ಆಮ್ಯಾಲೆ ಟೈಮಿಂಗ್.

ಈಗ ಎಲ್ಲಾ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡೀರಿ, ಇನ್ನೊಬ್ಬರು ಎಂಜಿನ್ ಕೈಲೆ ತಿರುಗಿಸಲಿ. ಗಾಳಿ ಬೆರಳನ್ನ ದಬ್ಬಿತಂದ್ರ ಕಂಪ್ರೆಷನ್ ಸ್ಟ್ರೋಕ್, ಅಂದ್ರ ಪಿಸ್ಟನ್ ಗಾಳಿ ಒತ್ತಿ ಮ್ಯಾಲೆ ಬರೋ ಸುತ್ತು. ಅಲ್ಲಿಂದ ನಿಧಾನಕ್ಕ ಪುಲ್ಲಿ ಮ್ಯಾಲಿನ ಟೈಮಿಂಗ್ ಮಾರ್ಕಿಗೆ ತರ್ರಿ. ಮಾರ್ಕ್ ದಾಟಿತಾ? ಸ್ವಲ್ಪ ಅಲ್ಲ, ಬಹಳ ಹಿಂದಕ್ಕ ಹೋಗಿ ಮತ್ತೆ ಮುಂದಕ್ಕೇ ಬರ್ರಿ, ಇಲ್ಲಂದ್ರ ಎಂಜಿನ್ ಒಳಗಿನ ಟೈಮಿಂಗ್ ಚೈನಿನ ಸಡಿಲ ಮೋಸ ಮಾಡ್ತದ.

12 ವೋಲ್ಟಿನ ಬಲ್ಬಿನ ಒಂದು ವೈರ್ ಕಾಯಿಲ್‌ದಿಂದ (ಕಿಡಿಗೆ ವೋಲ್ಟೇಜ್ ಏರಿಸೋ ಡಬ್ಬಿ) ಡಿಸ್ಟ್ರಿಬ್ಯೂಟರಿಗೆ ಬರೋ ಸಣ್ಣ ವೈರಿನ ತುದಿಗೆ, ಇನ್ನೊಂದು ಬಾಡಿಗೆ ಹಚ್ರಿ. ಚಾವಿ ಆನ್. ಕ್ಲ್ಯಾಂಪ್ ಸಡಿಲಿಸಿ, ಬಲ್ಬ್ ಆರೋತನಕ ಡಿಸ್ಟ್ರಿಬ್ಯೂಟರನ್ನ ಅದರೊಳಗ ತಿರುಗೋ ತುಂಡು, ಅಂದ್ರ ರೋಟರ್, ತಿರುಗೋ ದಿಕ್ಕಿಗೆ ಒಯ್ದು, ಮತ್ತ ಉಲ್ಟಾ ಮೆಲ್ಲಗ ತರ್ರಿ. ಬಲ್ಬ್ ಹತ್ತಿದ ಕ್ಷಣ ನಿಲ್ಲಿಸಿ ಬಿಗೀರಿ. ಡಿಸ್ಟ್ರಿಬ್ಯೂಟರ್ 1 ಡಿಗ್ರಿ ಸರಿದ್ರ ಎಂಜಿನ್‌ದಾಗ 2 ಡಿಗ್ರಿ, ಹಂಗಾಗಿ ಕೈ ಹಗುರ ಇರಲಿ. ಚಾವಿ ಬಹಳೊತ್ತು ಆನ್ ಬಿಡಬ್ಯಾಡ್ರಿ, ಕಾಯಿಲ್ ಕಾಯ್ತದ.

ಟೆಸ್ಟ್ ಮಾತ್ರ ಮಧ್ಯಾಹ್ನವೇ ಮಾಡ್ರಿ. ಎಂಜಿನ್ ಪೂರಾ ಕಾದ ಮ್ಯಾಲೆ ಸೇಡಂ ರಸ್ತೆದಾಗ ಖಾಲಿ ಜಾಗ ನೋಡಿ, ಟಾಪ್ ಗೇರಿನಾಗ ಸುಮಾರು 40ರ ವೇಗದಿಂದ ಪೂರಾ ತುಳೀರಿ. ಒಂಚೂರು ಸಪ್ಪಳ ಬಂದು ಹೋದ್ರ ನಡೀತದ. ಸಪ್ಪಳ ಉಳಿದ್ರ ಟೈಮಿಂಗ್ ಇನ್ನಷ್ಟು ಹಿಂದ ಮಾಡ್ರಿ, ಅಂದ್ರ ಡಿಸ್ಟ್ರಿಬ್ಯೂಟರನ್ನ ರೋಟರ್ ತಿರುಗೋ ದಿಕ್ಕಿಗೆ ಒಂಚೂರು ಸರಿಸ್ರಿ. ಹೆದರಿ ಬಹಳ ಹಿಂದ ಒಯ್ಯಬ್ಯಾಡ್ರಿ, ಪಿಕಪ್ ಹೋಗ್ತದ, ಎಂಜಿನ್ ಇನ್ನೂ ಕಾಯ್ತದ, ಪೆಟ್ರೋಲೂ ಕುಡೀತದ.

ಇಷ್ಟಾದ್ರೂ ನಾಕಿಂಗ್ ಇದ್ರ ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳ (ಎಂಜಿನ್ ವೇಗ ಏರಿದಂಗ ಟೈಮಿಂಗ್ ಮುಂದ ಒಯ್ಯೋವು) ಸ್ಪ್ರಿಂಗ್ ಜೋತು ಬಿದ್ದಾವೇನು ನೋಡ್ರಿ. ರೋಟರ್ ಕೈಲೆ ತಿರುವಿ ಬಿಟ್ಟರ ತಾನೇ ವಾಪಸ್ ಬರಬೇಕು.