ಪ್ರತಿಕ್ರಿಯೆ: ಟ್ರಾನೆಕ್ಸಾಮಿಕ್ ಆಸಿಡ್ (ರಕ್ತಸ್ರಾವ ತಗ್ಗಿಸುವ ಔಷಧಿ) ಕೊಟ್ಟ ಗಾಯಾಳುಗಳಲ್ಲೂ ಸಾವು ಇಳಿದಿಲ್ಲ, ಥೀಸಿಸ್‌ನಲ್ಲಿ ಏನು ತಪ್ಪಿದೆ?

ಬಹುಶಃ ನೀವು ಔಷಧಿ ಕೊಡುವವರೆಗಿನ ಸಮಯವನ್ನು ಬಳ್ಳಾರಿ ಕ್ಯಾಜುವಾಲ್ಟಿಗೆ ಬಂದ ಹೊತ್ತಿನಿಂದ ಎಣಿಸಿದ್ದೀರಿ. ಎಣಿಸಬೇಕಾದದ್ದು ಪೆಟ್ಟು ಬಿದ್ದ ಹೊತ್ತಿನಿಂದ. 20,000ಕ್ಕೂ ಹೆಚ್ಚು ಗಾಯಾಳುಗಳಿದ್ದ ಕ್ರ್ಯಾಶ್-2 ಅಧ್ಯಯನದಲ್ಲಿ 3 ಗಂಟೆಯೊಳಗೆ ಕೊಟ್ಟಾಗ ಲಾಭವಿತ್ತು. ತಡವಾದವರಲ್ಲಿ ರಕ್ತಸ್ರಾವದ ಸಾವು ಹೆಚ್ಚೇ ಆಗಿತ್ತು. ಸಿರುಗುಪ್ಪ, ಸಂಡೂರು ಕಡೆಯಿಂದ ರೆಫರ್ ಆಗಿ ಬರುವವರಿಗೆ ಆ ಹೊತ್ತಿನ ದೊಡ್ಡ ಪಾಲು ದಾರಿಯಲ್ಲೇ ಕಳೆದಿರುತ್ತದೆ.

ಮೊದಲು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ರಿಜಿಸ್ಟರ್, ರೆಫರಲ್ ಚೀಟಿ, 108 ಆಂಬ್ಯುಲೆನ್ಸ್‌ನ ಹಾಳೆ ಹುಡುಕಿ ಅಪಘಾತದ ಸಮಯ ತೆಗೆಯಿರಿ. ಸಿಗದಿದ್ದರೆ ದಯವಿಟ್ಟು ಅಂದಾಜಿನಲ್ಲಿ ತುಂಬಬೇಡಿ, ಖಾಲಿ ಬಿಡಿ. ತಾಲೂಕು ಆಸ್ಪತ್ರೆಯಲ್ಲೇ ಮೊದಲ 1 ಗ್ರಾಂ ಹೋಗಿತ್ತೇ ಅಂತಲೂ ನೋಡಿ. ಆಮೇಲೆ 3 ಗಂಟೆಯ ಒಳಗೆ, ಹೊರಗೆ ಎಂದು ಬೇರ್ಪಡಿಸಿ. ಬಿಪಿ ಕುಸಿದವರಿಗೇ ಹೆಚ್ಚಾಗಿ ಔಷಧಿ ಕೊಟ್ಟಿದ್ದರೆ ಹೋಲಿಕೆ ಮೊದಲೇ ವಾಲಿರುತ್ತದೆ, ಹಾಗಾಗಿ ಬಂದಾಗಿನ ಬಿಪಿ ಪ್ರಕಾರವೂ ವಿಂಗಡಿಸಿ.

ಇಷ್ಟಾದರೂ ವ್ಯತ್ಯಾಸ ಕಾಣದಿರಬಹುದು, ಒಂದೇ ಆಸ್ಪತ್ರೆಯ ಸಂಖ್ಯೆ ಚಿಕ್ಕದು. ಆಗ ಹಾಗೆಯೇ ಬರೆಯಿರಿ.