ಮಂಚದ ಕೆಳಗಿನಿಂದ ಬಾರದ ನಾಯಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಿಯ ಭಯದ ಬಗ್ಗೆಯೇ ಇವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ನಾಲ್ಕು ವರ್ಷದ ನಾಟಿ ನಾಯಿ ಪಟಾಕಿ ಸದ್ದಿಗೆ ನಡುಗಿ, ಜೊಲ್ಲು ಸುರಿಸಿ, ಬಚ್ಚಲುಮನೆ ಸೇರಿಬಿಡುತ್ತದೆ. ದೀಪಾವಳಿಗೆ ಇನ್ನು ಮೂರೇ ವಾರ. ಹೋದ ವರ್ಷ ಯಾರೋ ಹೇಳಿದರೆಂದು ನಿದ್ದೆ ಮಾತ್ರೆ ಕೊಟ್ಟೆವು. ಬಿದ್ದುಕೊಂಡಿತ್ತು, ಕಣ್ಣು ಮಾತ್ರ ಮುಚ್ಚಲಿಲ್ಲ. ಆಗ ಮುದ್ದು ಮಾಡಿದರೆ ಭಯ ಹೆಚ್ಚುತ್ತದಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ನಿಜವಲ್ಲ. ಬಿಸ್ಕತ್ತು ಕೊಟ್ಟರೆ ನಾಯಿ ಕೂರುವುದನ್ನು ಕಲಿತೀತು, ಹೆದರುವುದನ್ನು ಕಲಿಯದು. ಅದಾಗಿಯೇ ಹತ್ತಿರ ಬಂದರೆ ಮೈದಡವಿ. ಬಚ್ಚಲೇ ಬೇಕೆಂದರೆ ಬಿಟ್ಟುಬಿಡಿ. ಚಿಕ್ಕ ಕಿಟಕಿ, ಹತ್ತಿರದ ಗೋಡೆಗಳು, ಅದರ ಆಯ್ಕೆ ಸರಿಯಾಗಿಯೇ ಇದೆ. ಫಿನಾಯಿಲ್, ಸೋಪು ತೆಗೆದಿಟ್ಟು, ಹಳೇ ಕಂಬಳಿ ಹಾಸಿ, ನೀರಿಡಿ.

ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಅಸೆಪ್ರೊಮಜಿನ್‌ನಂಥ ಮಂಪರಿನ ಔಷಧವಾಗಿದ್ದರೆ ನೀವು ಕಂಡದ್ದು ಅದರ ಗುಣವೇ: ಮೈ ಸೋಲುತ್ತದೆ, ಭಯ ಹಾಗೇ ಇರುತ್ತದೆ. ಓಡಲಾಗದೆ ಹೆದರುತ್ತ ಬಿದ್ದಿರುವುದು ನಾಯಿಗೆ ಇನ್ನೂ ಕಷ್ಟ. ಪಶುವೈದ್ಯರ ಬಳಿ ಟ್ರಾಜೊಡೋನ್, ಗ್ಯಾಬಪೆಂಟಿನ್‌ನಂಥ ಆತಂಕ ತಗ್ಗಿಸುವ ಔಷಧಗಳಿವೆ. ಪ್ರಮಾಣ ನಾಯಿಯ ತೂಕದ ಮೇಲೆ ಹೋಗುವುದರಿಂದ ಈ ವಾರವೇ ಕರೆದೊಯ್ದು ತೂಕ ಹಾಕಿಸಿ. ಹಬ್ಬಕ್ಕೆ ವಾರ ಮೊದಲೇ, ಸದ್ದಿಲ್ಲದ ಒಂದು ದಿನ, ವೈದ್ಯರು ಹೇಳಿದಷ್ಟನ್ನೇ ಕೊಟ್ಟು ನೋಡಿ. ಕೆಲವು ನಾಯಿಗಳು ತೂರಾಡುತ್ತವೆ, ಕೆಲವಕ್ಕೆ ಏನೂ ಆಗುವುದಿಲ್ಲ. ಹಬ್ಬದ ದಿನ ಸದ್ದು ಶುರುವಾಗುವ ಒಂದೂವರೆ ಎರಡು ಗಂಟೆ ಮೊದಲೇ ಮಾತ್ರೆ ಹೊಟ್ಟೆ ಸೇರಿರಬೇಕು. ನಡುಕ ಹತ್ತಿದ ಮೇಲೆ ಕೊಟ್ಟರೆ ಅರ್ಧ ವ್ಯರ್ಥ. ಮನುಷ್ಯರ ಗ್ಯಾಬಪೆಂಟಿನ್ ದ್ರವವನ್ನಂತೂ ಕೇಳದೆ ಕೊಡಬೇಡಿ. ಕೆಲವದರಲ್ಲಿರುವ ಝೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ.

ಸಂಜೆಯ ತಿರುಗಾಟ, ಊಟ ಎರಡನ್ನೂ ಆರು ಗಂಟೆಯೊಳಗೆ ಮುಗಿಸಿ. ಪಟಾಕಿ ಹಚ್ಚಲು ರಾತ್ರಿ 8ರಿಂದ 10 ಎಂಬ ನಿಯಮವನ್ನು ನೆಚ್ಚಿಕೊಳ್ಳಬೇಡಿ. ನರಕ ಚತುರ್ದಶಿಯ ನಸುಕಿನಲ್ಲೇ ಶುರುವಾಗುವ ಬೀದಿಗಳಿವೆ. ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದು, ಫ್ಯಾನು, ಟಿವಿ ಹಾಕಿಡಿ. ಹಬ್ಬದ ಮನೆಯಲ್ಲಿ ಬಾಗಿಲು ತೆರೆಯುತ್ತಲೇ ಇರುತ್ತದೆ, ನಾಯಿ ತಪ್ಪಿಸಿಕೊಳ್ಳುವುದು ಅಲ್ಲೇ. ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ ಹಾಕಿ.

ಸದ್ದು ರೂಢಿ ಮಾಡಿಸುವ ತರಬೇತಿಗೆ ಮೂರು ವಾರ ಸಾಲದು. ತುಳಸಿ ಹಬ್ಬವೂ ಕಳೆದು ಊರು ತಣ್ಣಗಾದ ಮೇಲೆ ಶುರು ಮಾಡಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ನಾಯಿ ಕಿವಿ ಮಾತ್ರ ತಿರುಗಿಸುವಷ್ಟು ಸಣ್ಣಗೆ ಕೇಳಿಸಿ. ಸದ್ದಾದ ಒಂದು ಸೆಕೆಂಡಿಗೆ ಕಡಲೆಕಾಳಿನಷ್ಟು ಬೆಂದ ಕೋಳಿ ಅಥವಾ ಪನೀರ್ ಚೂರು. ಹತ್ತು ಸಲ, ಐದು ನಿಮಿಷ, ದಿನಕ್ಕೊಮ್ಮೆ ಸಾಕು. ಮೊದಲು ಸದ್ದು, ಆಮೇಲೆ ತಿಂಡಿ. ಇದು ತಿರುಗುಮುರುಗಾದರೆ 'ಕೋಳಿ ಬಂತೆಂದರೆ ಪಟಾಕಿ ಬಂತು' ಎಂದು ಕಲಿತು ನಾಯಿ ಕೋಳಿಗೂ ಹೆದರಲು ಶುರುಮಾಡುತ್ತದೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ. ಆರಾಮಾಗಿ ತಿನ್ನುತ್ತಿದ್ದರೆ ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತುಸುವೇ ಏರಿಸಿ. ತಿನ್ನಲಿಲ್ಲವೆಂದರೆ ಸದ್ದು ಜಾಸ್ತಿಯಾಯಿತು, ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಲಕ್ಷ್ಮೀ ಪಟಾಕಿಯ ಆ ಗುದ್ದು ಬರುವುದಿಲ್ಲ. ತಿಂಗಳಾದ ಮೇಲೆ ದೊಡ್ಡ ಸ್ಪೀಕರಿಗೆ ಜೋಡಿಸಿ, ಮತ್ತೆ ಸಣ್ಣ ಸದ್ದಿನಿಂದಲೇ ಮೊದಲಿಡಿ.

ಪ್ರಶ್ನೆ: ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕ ಐದು ತಿಂಗಳ ಮರಿಯನ್ನು ತಂದು ಎಂಟು ದಿನವಾಯಿತು. ಮಂಚದ ಕೆಳಗಿಂದ ಬರುವುದೇ ಇಲ್ಲ, ಕೈ ಚಾಚಿದರೆ ಗುರ್ ಎನ್ನುತ್ತದೆ. ಎಳೆದು ತೊಡೆ ಮೇಲೆ ಕೂರಿಸಿಕೊಂಡರೆ ತಾನೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು.
– ಗೃಹಿಣಿ, ಹಾಸನ

ಉತ್ತರ: ಯಜಮಾನರ ಕೈ ಉಳಿಯಬೇಕೆಂದರೆ ಅದು ಬೇಡ. ಎಳೆದು ಹಿಡಿದ ಮರಿ ಕೆಲವೊಮ್ಮೆ ಅಲ್ಲಾಡದೆ ಕೂರುತ್ತದೆ. ನೋಡಿದವರು ಹೊಂದಿಕೊಂಡಿತು ಎನ್ನುತ್ತಾರೆ, ಅದು ಕೈಚೆಲ್ಲಿ ಕೂತಿರುತ್ತದೆ ಅಷ್ಟೆ. ಮರಿಗಳು ಮನುಷ್ಯರನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ನಿಮ್ಮದು ಅದನ್ನು ಬೀದಿಯಲ್ಲೇ ಕಳೆದಿದೆ. ಇನ್ನು ಕಲಿಯುತ್ತದೆ, ಆದರೆ ನಿಧಾನ.

ಗುರ್ ಎಂದದ್ದಕ್ಕೆ ಗದರಬೇಡಿ. ಹಾಗೆ ಬಾಯಿ ಮುಚ್ಚಿಸಿದ ನಾಯಿ ಮುಂದೆ ಸೂಚನೆ ಕೊಡದೆ ಕಚ್ಚುತ್ತದೆ. ಗುರ್ ಎನ್ನುವ ಮೊದಲೂ ಅದು ಹೇಳುತ್ತಲೇ ಇರುತ್ತದೆ: ನಿದ್ದೆಯಿಲ್ಲದೆ ಆಕಳಿಕೆ, ಮತ್ತೆ ಮತ್ತೆ ತುಟಿ ನೆಕ್ಕುವುದು, ಮುಖ ತಿರುಗಿಸಿಯೂ ಕಣ್ಣಿನ ಬಿಳಿಭಾಗ ಕಾಣುವಂತೆ ನಿಮ್ಮನ್ನೇ ನೋಡುವುದು. ಇವು ಕಂಡ ಕೂಡಲೇ ಒಂದು ಮಾರು ಹಿಂದೆ ಸರಿಯಿರಿ.

ದಿನಕ್ಕೆ ಮೂರು ನಾಲ್ಕು ಸಲ, ಮಂಚದಿಂದ ಆರೇಳು ಅಡಿ ದೂರದಲ್ಲಿ, ಅದಕ್ಕೆ ಪಕ್ಕ ತಿರುಗಿ ನೆಲದ ಮೇಲೆ ಕೂರಿ. ಅವರೆಕಾಯಿ ಸುಲಿಯಿರಿ, ಪೇಪರ್ ಓದಿ, ಅದನ್ನು ಮಾತ್ರ ನೋಡಬೇಡಿ. ನಡುನಡುವೆ ತಿಂಡಿ ಚೂರನ್ನು ಮರಿಯ ಹತ್ತಿರಕ್ಕೆ ಎಸೆಯಿರಿ. ಹೊರಗೆ ಬರತೊಡಗಿದ ಮೇಲೆ ಅದರ ಬೆನ್ನ ಹಿಂದಕ್ಕೆ ಎಸೆಯಿರಿ. ವಿಚಿತ್ರ ಎನಿಸೀತು, ಕಾರಣ ಇಷ್ಟೆ: ಕೈಯಲ್ಲಿ ತಿಂಡಿ ಹಿಡಿದು ಕರೆದರೆ ಆಸೆಗೆ ಬಿದ್ದು ತೀರಾ ಹತ್ತಿರ ಬರುತ್ತದೆ, ತಿಂಡಿ ಮುಗಿದಾಕ್ಷಣ ಎದುರಿಗೆ ಮನುಷ್ಯ, ಆಗಲೇ ಕಚ್ಚುವುದು. ಹಿಂದೆ ಎಸೆದರೆ ದೂರ ಹೋಗಿ ತಿಂದು, ಮತ್ತೆ ಬರಬೇಕೋ ಬೇಡವೋ ಎಂದು ಅದೇ ತೀರ್ಮಾನಿಸುತ್ತದೆ. ಕೈ ಮೂಸಿ ನಿಂತರೆ ತಲೆ ಮೇಲಿಂದ ಸವರಬೇಡಿ. ಎದೆಯ ಬಳಿ ಮೂರು ಸೆಕೆಂಡು ಕೆರೆದು ಕೈ ತೆಗೆಯಿರಿ; ಮತ್ತೆ ಒತ್ತಿಕೊಂಡು ಬಂದರೆ ಮುಂದುವರಿಸಿ.

ರೇಬೀಸ್ ಲಸಿಕೆ ಹಾಕಿಸಿಲ್ಲವೆಂದರೆ ಮುಂದೂಡಬೇಡಿ. ಕಚ್ಚಿದರೆ, ಪರಚಿದರೂ, ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಮರಿ ಒಂದಿಡೀ ದಿನ ಏನೂ ತಿನ್ನದಿದ್ದರೆ, ವಾಂತಿ ಭೇದಿ ಕಂಡರೆ ಭಯವೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಪ್ರಶ್ನೆ: ಹತ್ತು ತಿಂಗಳ ಮುಧೋಳ ನಾಯಿ. ಲಾರಿ ಕಂಡರೆ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡುತ್ತದೆ.
– ಓದುಗರು, ಬಾಗಲಕೋಟೆ

ಉತ್ತರ: ಈ ತಳಿಯ ತಲೆ ಕತ್ತಿನಷ್ಟೇ ಸಣ್ಣ, ಮಾಮೂಲಿ ಪಟ್ಟಿ ನಿಲ್ಲುವುದಿಲ್ಲ. ಜಗ್ಗಿದಾಗ ಮಾತ್ರ ತುಸು ಬಿಗಿಯುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಕಾಲರ್ ಕೊಳ್ಳಿ. ಪೂರ್ತಿ ಬಿಗಿದಾಗಲೂ ಉಸಿರು ಕಟ್ಟದಂತೆ ಅಳತೆ ಹೊಂದಿಸಿ. ಜೊತೆಗೆ ಎದೆಗೆ ಹಾರ್ನೆಸ್ ಹಾಕಿ ಎರಡಕ್ಕೂ ಹಗ್ಗವಿರಲಿ. ಹೆದ್ದಾರಿಯಂಚಿನಲ್ಲಿ ನಡೆಸುವುದನ್ನು ಸದ್ಯ ಬಿಡಿ. ಲಾರಿ ಕಂಡೂ ತಿಂಡಿ ತಿನ್ನುವಷ್ಟು ದೂರ, ನೂರು ಅಡಿಯೋ ಇನ್ನೂರು ಅಡಿಯೋ, ಹುಡುಕಿಕೊಂಡು ಅಲ್ಲಿಂದ ಶುರು ಮಾಡಿ. ಒಂದು ಲಾರಿಗೆ ಒಂದು ಚೂರು.

ಪ್ರಶ್ನೆ: ಒಂಬತ್ತು ವರ್ಷದ ಲ್ಯಾಬ್ರಡಾರ್, ಎಂದೂ ಹೆದರದ್ದು ಈಗ ಕುಕ್ಕರ್ ಸೀಟಿಗೂ ಬೆಚ್ಚುತ್ತದೆ, ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತದೆ. ತರಬೇತುದಾರರಿಗೆ ತೋರಿಸಬೇಕೇ?
– ಓದುಗರು, ಮಂಗಳೂರು

ಉತ್ತರ: ಮೊದಲು ಪಶುವೈದ್ಯರಿಗೆ. ವಯಸ್ಸಾದ ಮೇಲೆ ಹೊಸದಾಗಿ ಬಂದ ಭಯದ ಹಿಂದೆ ನೋವು ಇರುವುದು ತೀರ ಸಾಮಾನ್ಯ, ಮೆಟ್ಟಿಲಿನ ಮಾತೂ ಅದನ್ನೇ ಹೇಳುತ್ತಿದೆ. ಸೀಟಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ಸವೆದ ಕೀಲು ಚುರುಕ್ ಎನ್ನುತ್ತದೆ. ಸೀಟಿಯೇ ನೋಯಿಸಿತು ಎಂದು ನಾಯಿ ಲೆಕ್ಕ ಹಾಕುತ್ತದೆ. ಕಣ್ಣು, ಕಿವಿಯನ್ನೂ ನೋಡಿಸಿ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮುಟ್ಟಬೇಡಿ. ಕ್ಲಿನಿಕ್ಕಿನ ಗಾಬರಿಯಲ್ಲಿ ಕುಂಟು ಮರೆಯಾಗಬಹುದು. ಮನೆಯಲ್ಲಿ ಏಳುವುದು, ನಡೆಯುವುದು, ಮೆಟ್ಟಿಲೆದುರು ನಿಲ್ಲುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ.