ರೋಮಿನಲ್ಲಿ ಮೊದಲ ದಿನ: ಮಧ್ಯಾಹ್ನ ಇಳಿಯುವ ಗಂಡ-ಹೆಂಡತಿ ಏನು ನೋಡಬೇಕು, ಏನು ಬಿಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮೇ ತಿಂಗಳಲ್ಲಿ ಗಂಡ-ಹೆಂಡತಿ ಇಬ್ಬರೇ ಬೆಂಗಳೂರಿನಿಂದ ಗಲ್ಫ್ ಮಾರ್ಗವಾಗಿ ರೋಮಿಗೆ ಹೊರಟಿದ್ದೀರಿ. ಯುರೋಪಿಗೆ ಇದೇ ಮೊದಲ ಸಲ. ವಿಮಾನ ಇಳಿಯುವುದು ಮಧ್ಯಾಹ್ನ 1ಕ್ಕೆ, ಹೋಟೆಲ್ ಟೆರ್ಮಿನಿ ಸ್ಟೇಷನ್ ಹತ್ತಿರ, ಇಬ್ಬರೂ ಸಸ್ಯಾಹಾರಿಗಳು. ಅದೇ ದಿನ ಸಂಜೆ 5ಕ್ಕೆ ಕೊಲೋಸಿಯಂ ಟಿಕೆಟ್ ತೆಗೆಯಬಹುದೇ ಅಂತ ಕೇಳಿದ್ದೀರಿ.

ತೆಗೆಯಬೇಡಿ. ಕೊಲೋಸಿಯಂ ಟಿಕೆಟ್ ನಿಮ್ಮ ಹೆಸರಿಗೆ, ನಿಗದಿತ ಸಮಯಕ್ಕೆ ಕೊಡುವಂಥದು. ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ಹೆಸರು ತಾಳೆ ನೋಡುತ್ತಾರೆ. ವಿಮಾನ ಒಂದೂವರೆ ಗಂಟೆ ತಡವಾದರೂ ಆ ದುಡ್ಡು ಹೋದಂತೆಯೇ. ಎರಡನೆಯ ಕಾರಣ ಇನ್ನೂ ಮುಖ್ಯ. ಮೇ ತಿಂಗಳಲ್ಲಿ ರೋಮ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 5 ಅಂದರೆ ನಿಮ್ಮ ಮೈಗೆ ರಾತ್ರಿ ಎಂಟೂವರೆ, ಅದೂ ಹಿಂದಿನ ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ. ಆ ಹೊತ್ತಿನಲ್ಲಿ ಎರಡು ಗಂಟೆ ಕಲ್ಲುಮೆಟ್ಟಿಲು ಹತ್ತಿಳಿದರೆ ಕಣ್ಣಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ಮೊದಲ ದಿನಕ್ಕೆ ಸಮಯ ಕಟ್ಟಿದ ಯಾವ ಟಿಕೆಟ್ಟೂ ಬೇಡ. ಕೊಲೋಸಿಯಂ ಎರಡನೆಯ ದಿನ, ವ್ಯಾಟಿಕನ್ ಮೂರನೆಯ ದಿನ ಇಟ್ಟುಕೊಳ್ಳಿ. ಮೊದಲ ಸಂಜೆ ಹಳೇ ಊರಿನ ನಡುವೆ ನಡೆದಾಡುವುದಕ್ಕೇ ಇರಲಿ.

ಹೊರಡುವ ಮುಂಚೆ ಮನೆಯಲ್ಲೇ ಮುಗಿಸಬೇಕಾದ ಒಂದು ಕೆಲಸವಿದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ನಮ್ಮ ಕಾರ್ಡುಗಳು ಶುರುವಿನಲ್ಲಿ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಿ. ಅದರೊಳಗೇ ಕಾಂಟ್ಯಾಕ್ಟ್‌ಲೆಸ್‌ಗೆ ಬೇರೆ ಸ್ವಿಚ್ ಇರುತ್ತದೆ, ಅದನ್ನೂ ಆನ್ ಮಾಡಿ. ಈ ಎರಡನೆಯದನ್ನು ಮರೆತವರೇ ಮೆಟ್ರೋ ಗೇಟಿನ ಮುಂದೆ ಸಿಕ್ಕಿಕೊಳ್ಳುವುದು. ಓಟಿಪಿ ಬರಬೇಕಾದರೆ ಒಂದು ಫೋನಿನಲ್ಲಾದರೂ ಊರಿನ ಸಿಮ್ ರೋಮಿಂಗಿನಲ್ಲಿ ಇರಲಿ. ಕಾರ್ಡ್ ಯಂತ್ರ ರೂಪಾಯಿಯೋ ಯೂರೋನೋ ಅಂತ ಕೇಳಿದಾಗಲೆಲ್ಲ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ನಿಮ್ಮ ನಷ್ಟ.

ಇಳಿದ ಮೇಲೆ ಇಮಿಗ್ರೇಷನ್. ಯುರೋಪಿನ ಹೊಸ ಪ್ರವೇಶ ವ್ಯವಸ್ಥೆ 2025ರ ಅಕ್ಟೋಬರಿನಿಂದ ಶುರುವಾಗಿದೆ: ಮೊದಲ ಸಲ ಬರುವ ನಮ್ಮಂಥವರ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುತ್ತಾರೆ. ಬ್ಯಾಗೇಜೂ ಸೇರಿ ಇದಕ್ಕೆ ಒಂದೂವರೆ ಗಂಟೆ ಲೆಕ್ಕ ಹಾಕಿ.

ಫಿಯುಮಿಚಿನೋ ವಿಮಾನ ನಿಲ್ದಾಣದಿಂದ ನಿಮ್ಮ ಹೋಟೆಲ್ಲಿಗೆ ಸರಳ ದಾರಿ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು. ಒಬ್ಬರಿಗೆ 14 ಯೂರೋ, ನಡುವೆ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ಟೆರ್ಮಿನಿ. ಕಾಗದದ ಟಿಕೆಟ್ ತೆಗೆದುಕೊಂಡರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು; ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ, ದಂಡ ಬೀಳುತ್ತದೆ. ಹಳೇ ಊರಿನ ಗೋಡೆಯೊಳಗೆ ಎಲ್ಲಿಗೇ ಹೋದರೂ ಟ್ಯಾಕ್ಸಿಗೆ ಗೊತ್ತುಮಾಡಿದ ದರ 55 ಯೂರೋ, ಲಗೇಜೂ ಸೇರಿ. ಇಬ್ಬರಿಗೆ ರೈಲು 28 ಆಗುವಾಗ, ಹೋಟೆಲ್ ಸ್ಟೇಷನ್ ಪಕ್ಕದಲ್ಲೇ ಇರುವಾಗ ಟ್ಯಾಕ್ಸಿ ಬೇಕಿಲ್ಲ. ಟೆರ್ಮಿನಿಯಲ್ಲಿ ಟಿಕೆಟ್ ಯಂತ್ರದ ಹತ್ತಿರ ಸಹಾಯ ಮಾಡ್ತೀನಿ ಅಂತ ಬರುವವರು ರೈಲ್ವೆಯವರಲ್ಲ. ಬೇಡ ಅಂತ ಕೈ ಆಡಿಸಿ ಮುಂದೆ ನಡೆಯಿರಿ.

ಹೋಟೆಲ್ಲಿನಲ್ಲಿ ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ತಂಗುವವರ ವಿವರವನ್ನು ಪೊಲೀಸರಿಗೆ ಕಳಿಸುವುದು ಅಲ್ಲಿನ ಕಾನೂನು. ಬುಕಿಂಗಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ತಲೆಗೆ, ರಾತ್ರಿಗೆ ಇಷ್ಟು ಅಂತ ನಗರ ತೆರಿಗೆ ಬೇರೆ ಇರುತ್ತದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ. ಹಾಸಿಗೆಯ ಮೇಲೆ ಮಾತ್ರ ಒರಗಬೇಡಿ. ಐದು ನಿಮಿಷ ಅಂತ ಮಲಗಿದರೆ ರಾತ್ರಿ ಹನ್ನೊಂದಕ್ಕೆ ಎಚ್ಚರವಾಗುತ್ತದೆ, ಆಮೇಲೆ ಎರಡು ದಿನ ಲೆಕ್ಕ ತಪ್ಪುತ್ತದೆ. ನಾಲ್ಕೂವರೆಗೆ ಹೊರಡಿ. ಮೇ ಮಧ್ಯದಲ್ಲಿ ಸೂರ್ಯ ಮುಳುಗುವುದು ಹತ್ತಿರಹತ್ತಿರ ಎಂಟೂವರೆಗೆ. ನಾಲ್ಕು ಗಂಟೆ ಬೆಳಕು ಕೈಯಲ್ಲಿರುತ್ತದೆ.

ಚಪ್ಪಟೆ ಅಡಿಯ, ಹಿಡಿತವಿರುವ ಶೂ ಹಾಕಿಕೊಳ್ಳಿ. ರೋಮಿನ ಬೀದಿಗಳಿಗೆ ಹಾಸಿರುವುದು ಸಂಪಿಯೆತ್ರೀನಿ ಅಂತ ಕರೆಯುವ ಕಪ್ಪು ಕಲ್ಲಿನ ಚಿಕ್ಕ ಚಿಕ್ಕ ಗಟ್ಟಿಗಳು. ನಡುನಡುವೆ ಬೆರಳು ಹೋಗುವಷ್ಟು ಸಂದು, ಮಳೆ ಬಂದರೆ ಸೋಪು ಬಳಿದಂತೆ ಜಾರುತ್ತವೆ. ಚರ್ಚುಗಳೊಳಗೆ ಭುಜ, ಮೊಣಕಾಲು ಮುಚ್ಚಿರಬೇಕು, ಗಂಡಸರಿಗೂ ಅದೇ ನಿಯಮ. ತೆಳ್ಳನೆಯ ಒಂದು ದುಪಟ್ಟಾ ಬ್ಯಾಗಿನಲ್ಲಿದ್ದರೆ ಸಾಕು.

ಟೆರ್ಮಿನಿ ಮುಂದಿನ ಚೌಕದಿಂದ 40ನೇ ನಂಬರಿನ ಬಸ್ ಹಿಡಿದು ಲಾರ್ಗೋ ಅರ್ಜೆಂಟೀನಾದಲ್ಲಿ ಇಳಿಯಿರಿ. 64ನೇ ಬಸ್ಸೂ ಅದೇ ಕಡೆ ಹೋಗುತ್ತದೆ, ಆದರೆ ಜೇಬುಗಳ್ಳರಿಗೆ ಅದು ಹೆಸರಾದ ಬಸ್ಸು. ಟಿಕೆಟ್ 1.50 ಯೂರೋ, 100 ನಿಮಿಷ ನಡೆಯುತ್ತದೆ. ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೂ ಆಯಿತು. ಇಬ್ಬರಾಗಿ ಹೋಗುವವರು ತಪ್ಪುವುದು ಇಲ್ಲೇ: ಒಂದೇ ಕಾರ್ಡನ್ನು ಎರಡು ಸಲ ತಾಗಿಸಿದರೆ ಇಬ್ಬರ ಟಿಕೆಟ್ ಆಗುವುದಿಲ್ಲ. ಎರಡನೆಯ ಸಲವೂ ಅದು ಒಬ್ಬರದೇ ಪ್ರಯಾಣ ಅಂತ ಲೆಕ್ಕ. ತಪಾಸಣೆಯವರು ಬಂದರೆ ಒಬ್ಬರಿಗೆ 50 ಯೂರೋಗೂ ಮೇಲೆ ದಂಡ. ಆದ್ದರಿಂದ ಇಬ್ಬರೂ ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಒಂದು ಕಳೆದರೆ ಇನ್ನೊಂದು ಉಳಿಯುತ್ತದೆ ಅನ್ನುವುದೂ ಲಾಭವೇ.

ಬಸ್ ಇಳಿದ ಚೌಕದ ನಡುವೆ, ರಸ್ತೆಗಿಂತ ತಗ್ಗಿನಲ್ಲಿ, ಚಕ್ರವರ್ತಿಗಳಿಗೂ ಮುಂಚಿನ ಗಣರಾಜ್ಯ ಕಾಲದ ನಾಲ್ಕು ದೇವಾಲಯಗಳ ಪಾಳು ಕಾಣುತ್ತದೆ. ಜೂಲಿಯಸ್ ಸೀಸರನ ಕೊಲೆಯಾದ ಸಭಾಭವನ ಇದ್ದದ್ದು ಇಲ್ಲೇ. ಈಗ ಬೆಕ್ಕುಗಳ ಆಶ್ರಯ. ಕಟಕಟೆಯಿಂದ ಬಗ್ಗಿ ನೋಡಿ, ಎಂಟು-ಹತ್ತು ನಿಮಿಷ ನಡೆದರೆ ಪಿಯಾಝಾ ನವೋನಾ ಅನ್ನುವ ಉದ್ದನೆಯ ಚೌಕ.

ನವೋನಾ ಯಾಕೆ ಇಷ್ಟು ಉದ್ದ ಅಂದರೆ ಅದು ಡೊಮಿಷಿಯನ್ ಚಕ್ರವರ್ತಿ ಒಂದನೆಯ ಶತಮಾನದಲ್ಲಿ ಕಟ್ಟಿಸಿದ ಕ್ರೀಡಾಂಗಣದ ಅಳತೆ; ಪ್ರೇಕ್ಷಕರು ಕೂರುತ್ತಿದ್ದ ಜಾಗದ ಮೇಲೆ ಇವತ್ತಿನ ಮನೆಗಳು ನಿಂತಿವೆ. ನಡುವಿನ ಕಾರಂಜಿ ಶಿಲ್ಪಿ ಬೆರ್ನಿನಿಯದು, 1651ರಲ್ಲಿ ಮುಗಿದದ್ದು. ನಾಲ್ಕು ಖಂಡಗಳಿಗೆ ನಾಲ್ಕು ನದಿ: ಆಫ್ರಿಕಾದ ನೈಲ್, ಯುರೋಪಿನ ಡ್ಯಾನ್ಯೂಬ್, ಅಮೆರಿಕದ ಲಾ ಪ್ಲಾಟಾ, ಏಷ್ಯಾಕ್ಕೆ ನಮ್ಮ ಗಂಗೆ. ಕಾರಂಜಿಯ ಸುತ್ತ ಒಂದು ಸುತ್ತು ಬಂದು ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು ಒರಗಿದ ವಿಗ್ರಹ ಹುಡುಕಿ, ಅದೇ ಗಂಗೆ. ಗಂಗೆ ಇಲ್ಲಿ ಗಂಡಸು! ರೋಮನ್ನರ ಕಲ್ಪನೆಯಲ್ಲಿ ನದಿ ದೇವರುಗಳು ಪುರುಷರು. ನಮ್ಮ ಗಂಗಮ್ಮನನ್ನು ಹಾಗೆ ನೋಡುವುದು ಒಂದು ಕ್ಷಣ ವಿಚಿತ್ರ ಅನಿಸುತ್ತದೆ, ಆದರೆ ಅಷ್ಟು ದೂರದಲ್ಲಿ ಆ ಹೆಸರು ಕಂಡದ್ದೇ ಸಂತೋಷ. ಮುಖಕ್ಕೆ ಮುಸುಕು ಎಳೆದುಕೊಂಡಿರುವುದು ನೈಲ್. ಆಗ ಅದರ ಮೂಲ ಯಾರಿಗೂ ಗೊತ್ತಿರಲಿಲ್ಲ.

ಈ ಚೌಕದ ಟೇಬಲ್ಲುಗಳಲ್ಲಿ ಕೂತು ಕಾಫಿ ಕುಡಿಯಬೇಡಿ, ಕೂತದ್ದಕ್ಕೆ ದರ ಹಲವು ಪಟ್ಟು. ಪಕ್ಕದ ಗಲ್ಲಿಯ ಬಾರ್‌ಗೆ ಹೋಗಿ. ಅಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿ ಇದ್ದಂತೆ: ಜನ ಜಾಸ್ತಿ ಇರುವ ಕಡೆ ಮೊದಲು ಕ್ಯಾಷಿನಲ್ಲಿ ದುಡ್ಡು ಕೊಟ್ಟು, ಚೀಟಿ ತೋರಿಸಿ, ನಿಂತೇ ಕುಡಿಯುವುದು. ‘ಕಫೆ’ ಅಂದರೆ ಗುಟುಕಿನಷ್ಟು ಕಡುಕಾಫಿ ಬರುತ್ತದೆ. ‘ಲಾತ್ತೆ’ ಅಂದರೆ ಬರೀ ಹಾಲು ಕೊಡುತ್ತಾರೆ, ಯಾಕೆಂದರೆ ಆ ಪದದ ಅರ್ಥವೇ ಹಾಲು. ನಮ್ಮ ರುಚಿಗೆ ಹತ್ತಿರದ್ದು ಕಪುಚಿನೋ ಅಥವಾ ‘ಕಫೆ ಲಾತ್ತೆ’. ಶೌಚಾಲಯ ಬೇಕಾದಾಗಲೂ ಇದೇ ಉಪಾಯ: ಕಾಫಿ ತೆಗೆದುಕೊಂಡು ‘ಬಾನ್ಯೋ?’ ಅಂತ ಕೇಳಿ.

ನವೋನಾದಿಂದ ಮೂರು ನಿಮಿಷದ ದೂರದಲ್ಲಿ ಸಾನ್ ಲುಯಿಜಿ ದೆಯಿ ಫ್ರಾಂಚೇಸಿ ಚರ್ಚು. ಪ್ರವೇಶಕ್ಕೆ ಹಣವಿಲ್ಲ, ಮಧ್ಯಾಹ್ನ ಎರಡು ಗಂಟೆ ಹೊತ್ತು ಮುಚ್ಚಿದ್ದು ಸಂಜೆಗೆ ತೆರೆಯುತ್ತದೆ. ಒಳಗೆ ಎಡಸಾಲಿನ ಕೊನೆಯಲ್ಲಿ ಕಾರವಾಜ್ಜೋ ಬರೆದ, ಸಂತ ಮತ್ತಾಯನ ಮೂರು ಚಿತ್ರಗಳಿವೆ. ಯೇಸುವಿನ ಶಿಷ್ಯನಾಗುವ ಮುಂಚೆ ಮತ್ತಾಯ ಸುಂಕ ವಸೂಲಿಯವನು. ಎಡಗೋಡೆಯ ಚಿತ್ರದಲ್ಲಿ ಸುಂಕ ವಸೂಲಿಯವರು ಮೇಜಿನ ಸುತ್ತ ದುಡ್ಡು ಎಣಿಸುತ್ತಾ ಕೂತಿದ್ದಾರೆ. ಬಲಗಡೆ ಕತ್ತಲಿನಿಂದ ಯೇಸುವಿನ ಕೈ ಚಾಚಿದೆ, ಬೆಳಕು ಆ ಕೈಯ ಮೇಲಿನಿಂದಲೇ ಹಾದು ಮತ್ತಾಯನ ಮುಖಕ್ಕೆ ಬೀಳುತ್ತದೆ. ಮ್ಯೂಸಿಯಂ ಟಿಕೆಟ್ ಕೊಟ್ಟು ನೋಡುವ ಎಷ್ಟೋ ಚಿತ್ರಗಳಿಗಿಂತ ಇದು ದೊಡ್ಡದು. ರೋಮಿನ ಹಲವು ಚರ್ಚುಗಳಲ್ಲಿ ಪೆಟ್ಟಿಗೆಗೆ ನಾಣ್ಯ ಹಾಕಿದರೇ ಚಿತ್ರದ ಮೇಲಿನ ದೀಪ ಹತ್ತುವುದು, ಚಿಲ್ಲರೆ ಜೇಬಿನಲ್ಲಿರಲಿ.

ಅಲ್ಲಿಂದ ರೋಮನ್ನರ ಹಳೇ ದೇಗುಲ ಪ್ಯಾಂಥಿಯನ್ ಕೂಗಳತೆ. ಸಂಜೆ 7ಕ್ಕೆ ಮುಚ್ಚುತ್ತದೆ, ಕೊನೆಯ ಪ್ರವೇಶ ಆರೂವರೆಗೆ. ಹಾಗಾಗಿ ಆರರೊಳಗೆ ಬಾಗಿಲಲ್ಲಿರಿ. ಹಿಂದೆ ಪುಕ್ಕಟೆ ಇತ್ತು, 2023ರ ಜುಲೈನಿಂದ 5 ಯೂರೋ ಟಿಕೆಟ್ ಇಟ್ಟರು. ತಿಂಗಳ ಮೊದಲ ಭಾನುವಾರ ಪುಕ್ಕಟೆ ಅಂತ ಆ ದಿನ ಹೋಗಲು ಹೊರಟರೆ ಸಾಲು ನೋಡಿ ವಾಪಸ್ ಬರುತ್ತೀರಿ.

ಒಳಗೆ ಹೋದ ತಕ್ಷಣ ಫೋಟೋ ತೆಗೆಯದೆ ಗುಮ್ಮಟದ ನಟ್ಟನಡುವೆ ನಿಂತು ತಲೆಯೆತ್ತಿ. ನೆಲದ ಅಗಲ, ನೆಲದಿಂದ ತುದಿಯ ಎತ್ತರ ಎರಡೂ 43.3 ಮೀಟರ್, ಅಂದರೆ ಒಂದು ಪೂರ್ತಿ ಚೆಂಡು ಒಳಗೆ ಹಿಡಿಯುತ್ತದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಲ್ಲಿ ಇದಕ್ಕಿಂತ ದೊಡ್ಡ ಗುಮ್ಮಟ ಇವತ್ತಿಗೂ ಇಲ್ಲ. ಮೇಲೆ ಹೋದಂತೆಲ್ಲ ಗೋಡೆ ತೆಳುವಾಗುತ್ತದೆ, ಕಾಂಕ್ರೀಟಿಗೆ ಬೆರೆಸಿದ ಕಲ್ಲೂ ಹಗುರವಾಗುತ್ತದೆ. ತುದಿಯಲ್ಲಿ ನೀರಿನಲ್ಲಿ ತೇಲುವಂಥ ಜ್ವಾಲಾಮುಖಿ ಕಲ್ಲು. ನೆತ್ತಿಯ ಕಿಂಡಿಗೆ ಗಾಜಿಲ್ಲ, ಮಳೆ ನೇರ ಒಳಗೇ ಸುರಿಯುತ್ತದೆ. ಕೆಳಗೆ ನೋಡಿ: ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಮೃತಶಿಲೆಯಲ್ಲಿ ನೀರು ಇಳಿಯಲು ಚಿಕ್ಕ ಚಿಕ್ಕ ತೂತುಗಳಿವೆ. ಬಿಸಿಲಿದ್ದರೆ ಬೆಳಕಿನ ಬಿಲ್ಲೆ ಬಾಗಿಲಿನಿಂದ ಒಳಬಂದವರ ಎಡಗಡೆ, ಗುಮ್ಮಟದ ಒಳಮೈ ಮೇಲಿರುತ್ತದೆ, ಹತ್ತು ನಿಮಿಷ ನಿಂತರೆ ಅದು ಸರಿದದ್ದು ಗೊತ್ತಾಗುತ್ತದೆ.

ಹೊರಗೆ ಬಂದಾಗ ಬಾಯಾರಿರುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ, ಖಾಲಿ ಬಾಟಲಿ ಇಟ್ಟುಕೊಂಡಿರಿ. ಬೀದಿಬದಿಯಲ್ಲಿ ಸೊಂಟದೆತ್ತರದ ಕಬ್ಬಿಣದ ನಲ್ಲಿಗಳಿವೆ, ಬಾಗಿದ ಮೂಗಿನಂಥ ಕೊಳವೆಯಿಂದಾಗಿ ಅವಕ್ಕೆ ನಾಸೋನೆ, ದೊಡ್ಡ ಮೂಗು, ಅಂತಲೇ ಹೆಸರು. ನೀರು ಸದಾ ಹರಿಯುತ್ತದೆ, ತಣ್ಣಗಿರುತ್ತದೆ, ಕುಡಿಯಲು ಯೋಗ್ಯ. ಬಗ್ಗಿ ಬೊಗಸೆ ಒಡ್ಡಬೇಕಿಲ್ಲ: ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ಮೇಲಿನ ಚಿಕ್ಕ ತೂತಿನಿಂದ ನೀರು ಕಮಾನಿನಂತೆ ಚಿಮ್ಮುತ್ತದೆ. ಬೆರಳನ್ನು ನಿಧಾನಕ್ಕೆ ಒತ್ತಿ, ಒಮ್ಮೆಲೇ ಒತ್ತಿದರೆ ಮುಖ ತೋಯುತ್ತದೆ.

ಹಸಿವಿನ ವಿಷಯ. ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಬಂದ್. ಆ ಹೊತ್ತಿಗೆ ಇರುವುದು ‘ಪಿಜ್ಜಾ ಅಲ್ ತಾಲ್ಯೋ’, ತೂಕಕ್ಕೆ ಕೊಡುವ ಪಿಜ್ಜಾ. ಎಷ್ಟು ಬೇಕೆಂದು ಕೈಯಲ್ಲೇ ಅಳತೆ ತೋರಿಸಿ. ಒಬ್ಬರಿಗೆ 200 ಗ್ರಾಂ ಧಾರಾಳ. ಬರೆದಿರುವ ದರ ಕಿಲೋದ್ದೋ ನೂರು ಗ್ರಾಮಿನದ್ದೋ ನೋಡಿಕೊಳ್ಳಿ.

ಸಸ್ಯಾಹಾರಿಗಳಿಗೆ ಮೋಸ ಮಾಡುವುದು ತರಕಾರಿಯಂತೆ ಕಾಣುವ ತಿಂಡಿಗಳೇ. ಕರಿದ ಕುಂಬಳದ ಹೂವಿನ ಒಳಗೆ ಚೀಸ್ ಜೊತೆ ಆಂಚೊವಿ ಮೀನು ಇರುತ್ತದೆ. ಸುಪ್ಲಿ ಅನ್ನುವ ಅನ್ನದ ಉಂಡೆಯ ಸಾರಿನಲ್ಲಿ ಮಾಂಸ ಹಾಕುವುದು ರೂಢಿ. ಕಾರ್ಬೊನಾರಾ, ಅಮಾತ್ರಿಚಾನಾ ಅನ್ನುವ ಪಾಸ್ತಾ ಎರಡರಲ್ಲೂ ಹಂದಿ ಮಾಂಸ. ‘ಕಾಚೋ ಎ ಪೇಪೆ’ ಪಾಸ್ತಾದಲ್ಲಿ ಪೆಕೊರೀನೋ ಚೀಸ್, ಕರಿಮೆಣಸು ಅಷ್ಟೇ. ಆದರೆ ಆ ಚೀಸಿಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ, ಪಾರ್ಮೆಸಾನಿಗೆ ಕರುವಿನದು. ಅದೂ ಆಗದು ಅನ್ನುವವರಿಗೆ ಪಿಜ್ಜಾ ಮರಿನಾರಾ ಒಳ್ಳೆಯದು: ಟೊಮೇಟೊ, ಬೆಳ್ಳುಳ್ಳಿ, ಒರೆಗಾನೋ, ಎಣ್ಣೆ, ಚೀಸೇ ಇಲ್ಲ. ‘ಸೆಂಝಾ ಕಾರ್ನೆ, ಸೆಂಝಾ ಪೆಶೆ’ ಅಂತ ಹೇಳಿ. ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಬರೀ ‘ವೆಜಿಟೇರಿಯನ್’ ಅಂದರೆ ಮೀನಿನ ಮಾತು ಕೆಲವರಿಗೆ ಹೊಳೆಯುವುದಿಲ್ಲ.

ಏಳೂವರೆ ಹೊತ್ತಿಗೆ ಪಿಯಾಝಾ ವೆನೇಝಿಯಾ ದಾಟಿ ಕ್ಯಾಂಪಿದೋಲ್ಯೋ ಗುಡ್ಡ ಹತ್ತಿ. ಮೈಕೆಲೇಂಜಲೊ ವಿನ್ಯಾಸದ ಅಗಲವಾದ ಇಳಿಜಾರು ಮೆಟ್ಟಿಲು, ಕಾಲಿಗೆ ಆಯಾಸವಿಲ್ಲ. ಮೇಲಿನ ಚೌಕದಲ್ಲಿ ಎದುರಿಗಿರುವ ಕಟ್ಟಡದ ಬಲಬದಿಯಿಂದ ಹಿಂದಕ್ಕೆ ಹೋದರೆ ಕಟಕಟೆ ಸಿಗುತ್ತದೆ. ಅದರ ಕೆಳಗೆ ಇಡೀ ರೋಮನ್ ಫೋರಂ, ಹಳೇ ರೋಮಿನ ಊರನಡುವಿನ ಪಾಳು, ಹರಡಿಕೊಂಡಿದೆ. ಇಳಿಬಿಸಿಲು ಹಿಂದಿನಿಂದ ಬಂದು ಕಂಬಗಳ ಮೇಲೆ ಬೀಳುತ್ತಿರುತ್ತದೆ. ಟಿಕೆಟ್ ಇಲ್ಲ. ನನ್ನನ್ನು ಕೇಳಿದರೆ ಮೊದಲ ದಿನ ಇದೊಂದು ನೋಡಿದರೂ ಸಾಕು.

ಕತ್ತಲಾಗುತ್ತಿದ್ದಂತೆ ಇಳಿದು ವಿಯಾ ದೆಯಿ ಫೋರಿ ಇಂಪೀರಿಯಾಲಿ ರಸ್ತೆಯಲ್ಲಿ ನೇರ ನಡೆಯಿರಿ, ಒಂದು ಕಿಲೋಮೀಟರಿನೊಳಗೆ ದೀಪ ಹಾಕಿದ ಕೊಲೋಸಿಯಂ ಎದುರಾಗುತ್ತದೆ. ಹೊರಗಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯಾರಾದರೂ ನಿಮ್ಮ ಹೆಂಡತಿಯ ಕೈಗೆ ಗುಲಾಬಿ ತುರುಕಿದರೆ, ನಿಮ್ಮ ಕೈಗೆ ದಾರ ಕಟ್ಟಲು ಬಂದರೆ ಕೈ ಹಿಂದಕ್ಕೆಳೆದುಕೊಳ್ಳಿ. ಒಮ್ಮೆ ಹಿಡಿದರೆ ದುಡ್ಡು ಕೇಳದೆ ಬಿಡುವುದಿಲ್ಲ. ಊಟ ಹತ್ತಿರದ ಮೋಂತಿ ಬಡಾವಣೆಯಲ್ಲಿ. ಬಿಲ್ಲಿನಲ್ಲಿ ಬ್ರೆಡ್ಡಿಗೆ ತಲಾ ಒಂದೆರಡು ಯೂರೋ ಸೇರಿಸುವುದು ಅಲ್ಲಿನ ವಾಡಿಕೆ. ವಾಪಸ್ಸಿಗೆ ಕೊಲೊಸ್ಸೇಯೋ ನಿಲ್ದಾಣದಿಂದ ಬಿ ಮೆಟ್ರೋದಲ್ಲಿ ಎರಡೇ ಸ್ಟಾಪು ಟೆರ್ಮಿನಿ.

ಟ್ರೆವಿ ಕಾರಂಜಿ ಎಲ್ಲಿ ಹೋಯಿತು ಅಂತ ಕೇಳಬಹುದು. ಬೇಕೆಂದೇ ಬಿಟ್ಟಿದ್ದೇನೆ. ಸಂಜೆ ಅಲ್ಲಿ ಹೆಗಲಿಗೆ ಹೆಗಲು ತಾಗುವ ಜನ. ಹಗಲು, ಸಂಜೆ ಎರಡು ಹೊತ್ತೂ ಕೊಳದ ಅಂಚಿಗಿಳಿಯಲು 2 ಯೂರೋ ಬೇರೆ ಇಟ್ಟಿದ್ದಾರೆ. ನಿಮಗಂತೂ ಮಾರನೆಯ ದಿನ ನಾಲ್ಕಕ್ಕೇ ಎಚ್ಚರವಾಗುತ್ತದೆ, ಅದು ನಮ್ಮ ಏಳೂವರೆ. ಮಲಗಿ ಹೊರಳಾಡುವ ಬದಲು ಐದೂವರೆಗೆ ಮೆಟ್ರೋ ಶುರುವಾದ ಕೂಡಲೇ ಎ ಮಾರ್ಗದಲ್ಲಿ ಬರ್ಬೆರೀನಿಗೆ ಹೋಗಿ, ಎರಡು ಸ್ಟಾಪು. ಅಲ್ಲಿಂದ ಇಳಿಜಾರಿನಲ್ಲಿ ಏಳೆಂಟು ನಿಮಿಷ ನಡೆದರೆ, ಚೌಕ ತಲುಪುವ ಮೊದಲೇ ನೀರಿನ ಸದ್ದು ಕೇಳಿಸುತ್ತದೆ.